ಕುರ್ವೆಗಳ ನಡುವೆ ಏಳು ದಿನ

ದೇಶ ಸುತ್ತು, ಕೋಶ ಓದು ಎಂಬುದು ಹಿರಿಯರ ಮಾತು. ಕೋಶ ಓದಿದ್ದು ನಾನು ಮೆಟ್ರಿಕ್‌ವರೆಗೆ ಮಾತ್ರ. ದೇಶ ಸುತ್ತಿದ್ದೂ ಹತ್ತಿಯ ಹಿಂದೆಯೇ. ಗುಂತಕಲ್ಲು, ಬಳ್ಳಾರಿ, ರಾಯಚೂರು, ಗುಂಟೂರು, ಮುಂಬಯಿ, ಎಲ್ಲಿಗೆ ಹೋದರೂ ಮಾರ್ಕೆಟ್ ಯಾರ್ಡು ನೋಡಿ ರಾತ್ರಿ ಗಾಡಿಗೆ ವಾಪಸು. ಆದೋನಿಯಲ್ಲಿ ದಲಾಲಿ ಅಂಗಡಿ ಇಟ್ಟ ನಲವತ್ತು ವರ್ಷಗಳಲ್ಲಿ ಒಟ್ಟಿಗೆ ಏಳು ದಿನ ಗಲ್ಲಾಪೆಟ್ಟಿಗೆ ಬಿಟ್ಟು ಕೂತವನಲ್ಲ.

2025ರ ಫೆಬ್ರವರಿ ಕೊನೆಗೆ ಯಾರ್ಡಿಗೆ ಹತ್ತಿ ಬರುವುದು ತೆಳುವಾಯಿತು. ಹೈದರಾಬಾದಿನಲ್ಲಿರುವ ಮಗ ಫೋನಿನಲ್ಲಿ, "ಅಪ್ಪಾ, ಈ ವರ್ಷಕ್ಕೆ ಅಂಗಡಿ ಮುಚ್ಚಿಬಿಡೋಣ. ನಾನಂತೂ ಬರೋನಲ್ಲ, ನಿಮಗೂ ವಯಸ್ಸಾಯ್ತು" ಎಂದ. ಅವನ ಮಾತು ತಪ್ಪಲ್ಲ. ಆದರೆ ಅಪ್ಪ ಕಟ್ಟಿದ ಅಂಗಡಿ. ಉತ್ತರ ಹೇಳಲಾಗದೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಅಳಿಯನಿಗೆ ಕುಮಟೆಯ ಬ್ಯಾಂಕಿಗೆ ವರ್ಗವಾಗಿ ವರ್ಷವಾಗಿತ್ತು. ಮಗಳು ಕರೆಯುತ್ತಲೇ ಇದ್ದಳು. "ಒಂದು ವಾರ ಹೋಗಿ ನೀರು ನೋಡಿಕೊಂಡು ಬರೋಣ" ಎಂದು ಮನೆಯವರು ಚೀಲ ಕಟ್ಟಿಯೇಬಿಟ್ಟರು.

ಹುಬ್ಬಳ್ಳಿವರೆಗೆ ರೈಲು, ಅಲ್ಲಿಂದ ಯಲ್ಲಾಪುರ, ಅಂಕೋಲೆಯ ಮೇಲೆ ಬಸ್ಸು. ಘಟ್ಟ ಇಳಿಯುತ್ತಿದ್ದಂತೆ ಕಿಟಕಿಯ ಗಾಳಿಯೇ ಬೇರೆಯಾಯಿತು.

ಹತ್ತಿಗೆ ಹೆಸರು ಕೊಟ್ಟ ಊರು

ಕುಮಟೆ ಎಂಬ ಹೆಸರು ನನಗೆ ಊರಾಗಿ ಅಲ್ಲ, ಹತ್ತಿಯಾಗಿ ಗೊತ್ತು. ಹಿಂದಿನ ಕಾಲದ ಮುಂಬಯಿ ಧಾರಣೆ ಹೇಳುವಾಗ ಅಪ್ಪ "ಬ್ರೋಚ್, ಊಮ್ರಾ, ಕುಮಟಾ, ವೆಸ್ಟರ್ನ್ಸ್" ಎಂದು ಒಂದೇ ಉಸಿರಿಗೆ ಹೇಳುತ್ತಿದ್ದರು. ವೆಸ್ಟರ್ನ್ಸ್ ಎಂದರೆ ನಮ್ಮ ಬಳ್ಳಾರಿ, ಕರ್ನೂಲು ಕಡೆಯ ಮಾಲು. ಕುಮಟಾ ಎಂದರೆ ಧಾರವಾಡ ಸೀಮೆಯ ಹತ್ತಿ. ಕುಮಟೆಯ ಮಣ್ಣಿನಲ್ಲಿ ಹತ್ತಿ ಬೆಳೆಯುವುದಿಲ್ಲ. ಬಂಡಿಗಳಲ್ಲೂ ಎತ್ತುಗಳ ಬೆನ್ನ ಮೇಲೂ ಘಟ್ಟ ಇಳಿದು ಬಂದ ಅಂಡಿಗೆಗಳು ಇಲ್ಲಿಂದ ಹಾಯಿ ಕಟ್ಟಿದ ಮಚ್ವೆ, ಪತ್ತೇಮಾರಿಗಳಲ್ಲಿ ಮುಂಬಯಿಗೆ ಹೋಗುತ್ತಿದ್ದುದರಿಂದ ಆ ಹೆಸರು ಬಂತು.

1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧವಾದಾಗ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತುಹೋಗಿ ನಮ್ಮ ಹತ್ತಿಗೆ ಚಿನ್ನದ ಬೆಲೆ ಬಂತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದಕ್ಕೆ ಹತ್ತಿ ಮತ್ತು ಕಾರವಾರ ಬಂದರಿನ ಆಸೆಯೂ ಒಂದು ಕಾರಣ. ಯುದ್ಧ ಮುಗಿಯಿತು, ಬೆಲೆ ಬಿತ್ತು. 1871ರ ಹೊತ್ತಿಗೆ ಮದ್ರಾಸಿನ ರೈಲು ನಮ್ಮ ಆದೋನಿಯ ಮೇಲೆ ಹಾದು ರಾಯಚೂರು ಮುಟ್ಟಿತು. 1880ರ ದಶಕದಲ್ಲಿ ಹುಬ್ಬಳ್ಳಿಗೂ ಮಾರ್ಮಗೋವಾ ಬಂದರಿಗೂ ರೈಲು ಬಂತು. ಅಂಡಿಗೆಗಳು ಹಡಗು ಬಿಟ್ಟು ರೈಲು ಹತ್ತಿದವು. ಆದೋನಿಯನ್ನು ಎರಡನೇ ಮುಂಬಯಿ ಎಂದು ಕರೆದರಲ್ಲ, ಆ ಭಾಗ್ಯ ಬಂದದ್ದು ಇಂಥ ಬಂದರುಗಳ ವ್ಯಾಪಾರ ಇಳಿದ ಕಾಲದಲ್ಲೇ.

ಸಂಜೆ ಬಂದರಿನ ಕಡೆ ಹೋದಾಗ ಮೀನುದೋಣಿಗಳು ಇದ್ದವು, ಬಲೆಗಳು ಒಣಗುತ್ತಿದ್ದವು. ಹತ್ತಿಯ ಒಂದು ಎಳೆಯೂ ಇಲ್ಲ. ನನಗೆ ಒಳಗೇ ಏನೋ ಕುಟುಕಿದಂತಾಯಿತು.

ಅಘನಾಶಿನಿಯ ನಡುವೆ

ಮರುದಿನದಿಂದ ಮೂರು ದಿನ ಅಘನಾಶಿನಿ. ಶಿರಸಿಯ ಹತ್ತಿರ ಹುಟ್ಟಿ ಸುಮಾರು 120 ಕಿ.ಮೀ. ಹರಿದು ಸಮುದ್ರ ಸೇರುವ ಈ ನದಿಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ವರ್ಷದ ಬಹುಪಾಲು ಮರಳೇ ಕಾಣುವ ಹಗರಿ ಹೊಳೆ ಕಂಡು ಬೆಳೆದ ನಮಗೆ ಈ ಅಗಲ ನೋಡಿಯೇ ದಿಗಿಲು. ಹೊಳೆಯೊಳಗಿನ ನಡುಗಡ್ಡೆಗೆ ಇಲ್ಲಿಯ ಜನ ಕುರ್ವೆ ಎನ್ನುತ್ತಾರೆ. ಮಾಸೂರುಕುರ್ವೆ, ಐಗಳಕುರ್ವೆ ಹೀಗೆ. ಪಾತಿ ಎಂಬ ಸಣ್ಣ ದೋಣಿಯಲ್ಲಿ ಕೂತು ಹೋದೆವು. ಮನೆಯವರು ಮೊದಲ ಹತ್ತು ನಿಮಿಷ ಕಣ್ಣು ಮುಚ್ಚಿ ನವಕಾರ ಹೇಳುತ್ತಿದ್ದರು. ಆಮೇಲೆ ತಾವೇ ಬಗ್ಗಿ ನೀರು ಮುಟ್ಟಿದರು.

ದಡದುದ್ದಕ್ಕೂ ಕಾಂಡ್ಲ ಗಿಡಗಳು ಬೇರುಗಳನ್ನು ಕೆಸರಿನ ಮೇಲೆ ನಿಲ್ಲಿಸಿಕೊಂಡು ನಿಂತಿವೆ. ಭರತ ಬಂದಾಗ ಬೇರು ಮುಳುಗುತ್ತವೆ, ಇಳಿತದಲ್ಲಿ ಕಾಣುತ್ತವೆ. ಬೆಳ್ಳಕ್ಕಿ, ಮಿಂಚುಳ್ಳಿಗಳು ದೋಣಿಗೆ ಹೆದರುವುದಿಲ್ಲ. ಅಂಬಿಗರು ಹುಟ್ಟು ಎತ್ತಿ ಸುಮ್ಮನೆ ಕೂತರೆ ನೀರು ದಡಕ್ಕೆ ತಾಗುವ ಸದ್ದಷ್ಟೇ ಕೇಳುತ್ತದೆ.

ಕುರ್ವೆಯ ಗದ್ದೆಗೆ ಗಜನಿ ಎಂದು ಹೆಸರು. ಉಪ್ಪುನೀರನ್ನು ತಡೆಯಲು ಸುತ್ತ ಕಟ್ಟೆ, ಅದಕ್ಕೆ ಹಲಗೆಯ ತೂಬು. ಮಳೆಗಾಲದಲ್ಲಿ ಉಪ್ಪು ತಡೆದುಕೊಳ್ಳುವ ಕಗ್ಗ ಎಂಬ ಭತ್ತ ಹಾಕುತ್ತಾರೆ. ಅದಕ್ಕೆ ಗೊಬ್ಬರ ಬೇಡ, ಔಷಧಿ ಬೇಡ. ಹೊಳೆ ತಂದ ಮೆಕ್ಕಲುಮಣ್ಣೇ ಗೊಬ್ಬರ. ನಾನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ನಮ್ಮ ಕಡೆ ರೈತ ಗುಲಾಬಿ ಕಾಯಿಕೊರಕಕ್ಕೆ ಔಷಧಿ ಹೊಡೆದು ಹೊಡೆದು, ಸಾಲದ ಚೀಟಿ ಹಿಡಿದು ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂರುವುದನ್ನು ಎಷ್ಟು ವರ್ಷ ನೋಡಿದ್ದೇನೆ! ಆದರೆ ಕಗ್ಗದ ಇಳುವರಿ ಕಡಿಮೆ, ಬೆಳೆಯುವವರೂ ಕಡಿಮೆಯಾಗುತ್ತಿದ್ದಾರೆ ಎಂದು ಅಂಬಿಗರು ಹೇಳಿದರು.

ಇಳಿತದಲ್ಲಿ ಹೆಂಗಸರು ಮೊಣಕಾಲು ನೀರಿನಲ್ಲಿ ನಿಂತು ಬುಟ್ಟಿಗೆ ಚಿಪ್ಪು ಆರಿಸುತ್ತಿದ್ದರು. ನಮ್ಮ ಆಚಾರಕ್ಕೆ ಸಲ್ಲದ ಕಸುಬು. ಮುಖ ತಿರುಗಿಸಬೇಕೆನ್ನಿಸಿತು, ತಿರುಗಿಸಲಿಲ್ಲ. ಬಿಸಿಲಲ್ಲಿ ಬಗ್ಗಿ ಹೊಟ್ಟೆ ಹೊರೆಯುವವರ ಮುಂದೆ ಕೂತು ತಿನ್ನುವ ನಾನು ಏನು ಹೇಳಲಿ?

ಹೊಳೆಯ ಬಾಯಲ್ಲಿ ತದಡಿ. ಅಲ್ಲಿಂದ ಎದುರಿನ ಅಘನಾಶಿನಿ ಹಳ್ಳಿಗೆ ದೋಣಿಯಲ್ಲಿ ದಾಟಿದೆವು. ತದಡಿಗೆ ಕಲ್ಲಿದ್ದಲಿನ ದೊಡ್ಡ ವಿದ್ಯುತ್ ಸ್ಥಾವರ, ಆಮೇಲೆ ದೊಡ್ಡ ಬಂದರು ಎಂದು ಮಾತುಗಳು ಬಂದವು. ಹೊಳೆ ಕೆಡುತ್ತದೆಂದು ಜನ ವಿರೋಧಿಸಿದರು. 2024ರಲ್ಲಿ ಈ ಅಳಿವೆ ಪ್ರದೇಶ ರಾಮ್‌ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ವ್ಯಾಪಾರಿಯಾದ ನಾನು ಬಂದರು ಬೇಡ ಎನ್ನುವವರನ್ನು ಮೊದಲಾಗಿದ್ದರೆ ಬೈಯುತ್ತಿದ್ದೆ. ಕುಮಟೆಯ ಬಂದರು ನೋಡಿದ ಮೇಲೆ ಬಾಯಿ ಬರಲಿಲ್ಲ.

ಮರಳದಿಬ್ಬದ ಮೇಲೆ

ಐದನೆಯ ದಿನ ಹೊನ್ನಾವರದಿಂದ ಸಮುದ್ರಕ್ಕೆ ಹೊರಟೆವು. ಕೆಳದಿ ಅರಸರ ಕಾಲದ ಕೋಟೆ ಇರುವ ಬಸವರಾಜದುರ್ಗ ದ್ವೀಪದ ಹತ್ತಿರ ಹೋದಾಗ ಅಲೆ ಜೋರಾಯಿತು. ಇಳಿಯಲು ಅಂಬಿಗರು ಒಪ್ಪಲಿಲ್ಲ. "ಕಡಲಿಗೆ ಕೇಳಿ ಹೋಗ್ಬೇಕು ಸೇಟ್ರೇ, ಹೇಳಿ ಹೋಗೂಕಾಗ" ಎಂದರು. ಕಪ್ಪುಬಂಡೆ, ಅದರ ಮೇಲೆ ಹಸುರು, ಸುತ್ತ ನೊರೆ. ದೂರದಿಂದಲೇ ನೋಡಿ ಬಂದೆವು.

ಆರನೆಯ ದಿನ ಶರಾವತಿಯ ಕುರ್ವೆಗಳನ್ನು ಸುತ್ತಿದೆವು. ಇಲ್ಲಿ ಮಾವಿನಕುರ್ವೆಯಂಥ ದೊಡ್ಡ ಕುರ್ವೆಗಳಿವೆ, ತೆಂಗಿನ ತೋಟಗಳ ನಡುವೆ ಮನೆಗಳು. ವಾಪಸು ಬರುವಾಗ ಇಳಿತ ಜಾಸ್ತಿಯಾಗಿ ದೋಣಿ ಮರಳದಿಬ್ಬಕ್ಕೆ ಕೂತಿತು. ಹೊತ್ತು ಮುಳುಗುವ ಮೊದಲು ಮನೆ ಸೇರಿ ಊಟ ಮುಗಿಸಬೇಕೆಂಬ ಲೆಕ್ಕ ನಮ್ಮದು. ನಾನು ಇಳಿದು ತಳ್ಳುತ್ತೇನೆಂದು ಧೋತರ ಎತ್ತಿಕಟ್ಟಿದೆ. "ತಳ್ಳಿರೆ ಹುಗಿತದೆ. ಭರತ ಬಂದೇ ಬರ್ತದೆ, ಅಡ್ಡಿಲ್ಲ, ಕೂತ್ಕಣಿ" ಎಂದು ಅಂಬಿಗರು ಎಲೆಯಡಿಕೆ ತೆಗೆದರು.

ಸೂರ್ಯ ಮುಳುಗಿದ. ಅಂದಿನ ಊಟ ಹೋಯಿತು. ಎರಡು ತಾಸು ಕೂತೆವು. ನಲವತ್ತು ವರ್ಷ ಬೆಲೆ ಏರಿದರೂ ತಳ್ಳಿದೆ, ಬಿದ್ದರೂ ತಳ್ಳಿದೆ. ಸುಮ್ಮನೆ ಕೂತದ್ದು ಅಂದೇ. ಮನೆಯವರು ಮೆಲ್ಲಗೆ, "ಅಂಗಡಿ ನೆನಪಾಗ್ತಾ ಇದೆಯಾ?" ಎಂದರು. "ಅಂಗಡಿಯಲ್ಲ, ಅಪ್ಪ" ಎಂದೆ. ಅವರು ಮತ್ತೆ ಏನೂ ಕೇಳಲಿಲ್ಲ. ಕತ್ತಲಲ್ಲಿ ದೋಣಿಯ ತಳ ಒಮ್ಮೆ ಅಲುಗಿತು. ಆಮೇಲೆ ತಾನೇ ತೇಲಿತು.

ಗೇರುಸೊಪ್ಪೆ

ಕೊನೆಯ ದಿನ ಗೇರುಸೊಪ್ಪೆ. ಹೊಳೆಯಾಚೆ ಕಾಡಿನಲ್ಲಿ ಚತುರ್ಮುಖ ಬಸದಿ ಇದೆ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಒಳಗೆ ನಾಲ್ಕೂ ಕಡೆ ಮುಖ ಮಾಡಿದ ಜಿನಬಿಂಬಗಳು. 1552ರಿಂದ 1606ರವರೆಗೆ ಈ ಸೀಮೆಯನ್ನು ಆಳಿದ ಜೈನರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು. ಇಲ್ಲಿಯ ಮೆಣಸಿಗಾಗಿ ಹಡಗುಗಳು ಸಾಲುಗಟ್ಟುತ್ತಿದ್ದವು. ಕೆಳದಿಯವರ ಕೈಯಲ್ಲಿ ಆಕೆ ಸೋತು ಸೆರೆಯಾದಳು. ಪೇಟೆ ಹೋಯಿತು, ವರ್ತಕರು ಹೋದರು. ಬಸದಿ ನಿಂತಿದೆ. ಹೊಳೆ ಹರಿಯುತ್ತಿದೆ. ಅರ್ಘ್ಯ ಅರ್ಪಿಸಿ ಕಲ್ಲಿನ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತೆ. ಗೇರುಸೊಪ್ಪೆಗೆ ಮೆಣಸು, ಕುಮಟೆಗೆ ಹತ್ತಿ, ಆದೋನಿಗೆ ನಾವು. ವ್ಯಾಪಾರ ಯಾರ ಮನೆಯಲ್ಲೂ ಕಾಯಂ ಕೂತಿಲ್ಲ. ಅದು ನನ್ನ ಕಾಲಕ್ಕೆ ಹೋದರೆ ಅಪ್ಪನಿಗೆ ನಾನು ಮಾಡಿದ ದ್ರೋಹವೇನೂ ಅಲ್ಲ.

ಅಲ್ಲಿಂದಲೇ ಮಗನಿಗೆ ಫೋನು ಮಾಡಿದೆ. "ನೀನು ಬರಬೇಡಪ್ಪ, ಇರುವಲ್ಲಿ ಚೆನ್ನಾಗಿರು" ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ.

ಊರಿಗೆ ಬಂದ ಮೇಲೆ ಇಪ್ಪತ್ತೆರಡು ವರ್ಷ ನನ್ನ ಜೊತೆ ದುಡಿದ ಗುಮಾಸ್ತರನ್ನು ಕೂರಿಸಿ ಮಾತಾಡಿದೆ. ಅವರೇ ತಮ್ಮ ಹೆಸರಿನಲ್ಲಿ ಲೈಸೆನ್ಸಿಗೆ ಅರ್ಜಿ ಹಾಕಿದರು. ಅಂಗಡಿ ಅದೇ, ಕಟ್ಟೆ ಅದೇ, ಬೋರ್ಡು ಮಾತ್ರ ಬದಲು. ನಾನು ಬೆಳಿಗ್ಗೆ ಒಂದು ತಾಸು ಹೋಗಿ ಕೂತು ಬರುತ್ತೇನೆ.

ಹೋಗಬೇಕೆನ್ನುವ ಬಂಧುಗಳಿಗೆ ಎರಡು ಮಾತು. ಮಳೆಗಾಲದಲ್ಲಿ ಹೋಗಬೇಡಿ. ನವೆಂಬರಿನಿಂದ ಫೆಬ್ರವರಿ ಒಳ್ಳೆಯದು. ಸೋಸಿ ಕಾಯಿಸಿದ ನೀರು ಮನೆಯಿಂದಲೇ ಒಯ್ಯಿರಿ, ಸುತ್ತ ಎಲ್ಲವೂ ಉಪ್ಪುನೀರು. ದೋಣಿಯಲ್ಲಿ ತೇಲುವ ಜಾಕೀಟು ಕೇಳಿ ಹಾಕಿಕೊಳ್ಳಿ, ಪ್ಲಾಸ್ಟಿಕ್ ಚೀಲ ಹೊಳೆಗೆ ಬಿಡಬೇಡಿ. ಹೊರಡುವ ಮುಂಚೆ ಭರತ ಇಳಿತದ ಹೊತ್ತು ಅಂಬಿಗರನ್ನು ವಿಚಾರಿಸಿ. ಇಲ್ಲದಿದ್ದರೆ ನಮ್ಮಂತೆ ಸಂಜೆಯ ಊಟ ತಪ್ಪೀತು!