ಹಲ್ಲಿಲ್ಲದ ವಾಹನ

ನಮ್ಮ ನಾಗಲಮಡಿಕೆಯ ಸುಬ್ರಹ್ಮಣ್ಯಸ್ವಾಮಿ ಜಾತ್ರೆಯೆಂದರೆ ದನಗಳ ಜಾತ್ರೆಯೂ ಹೌದು. ಅಲ್ಲಿ ಬಾಯಿ ತೆರೆಸಿ ಹಲ್ಲು ನೋಡದೆ ಯಾರೂ ಎತ್ತಿಗೆ ಬೆಲೆ ಕಟ್ಟರು. ಮುದಿ ಎತ್ತು ಎಳೆಯದಕ್ಕಿಂತ ಹೆಚ್ಚಿಗೆ ಮಾರಿತೆಂದು ನಾನಂತೂ ಕೇಳಿಲ್ಲ.

ಯಂತ್ರದ ಗಾಡಿಗಳ ನ್ಯಾಯವೇ ಬೇರೆ. 1970ರ ದಶಕದಲ್ಲಿ ಬಜಾಜ್ ಸ್ಕೂಟರಿಗೆ ಹೆಸರು ಬರೆಸಿದವರು ವರ್ಷಗಟ್ಟಲೆ ಕಾಯಬೇಕಿತ್ತು. ಸರದಿ ಬಂದ ಪುಣ್ಯವಂತರಲ್ಲಿ ಕೆಲವರು ಅದನ್ನು ಕೊಂಡದ್ದಕ್ಕಿಂತ ಹೆಚ್ಚಿನ ಬೆಲೆಗೆ ಮಾರುತ್ತಿದ್ದರು. ಆ ಲೈಸೆನ್ಸ್ ಕಾಲ ಕಳೆದು ಎಷ್ಟೋ ವರ್ಷಗಳ ಮೇಲೆ, 2021ರಲ್ಲಿ, ಉಗುರಿನಗಲದ ಚಿಪ್ ಸಿಗದೆ ಕಾರ್ಖಾನೆಗಳು ಕುಂಟಿದವು. ಸೆಪ್ಟೆಂಬರಿನ ಉತ್ಪಾದನೆ ವಾಡಿಕೆಯ ಶೇಕಡ 40ರಷ್ಟೇ ಆದೀತೆಂದು ಮಾರುತಿ ಕಂಪನಿಯವರೇ ಸಾರಿದರು.

ಆ ವರ್ಷವೇ ನಮ್ಮ ಚಿಕ್ಕಪ್ಪ ಜೋಡೆತ್ತು ಮಾರಿ, ಉಳಿದ ಹಣಕ್ಕೆ ಸಾಲ ಮಾಡಿ, ಕಡಲೆಕಾಯಿ ಸಾಗಿಸಲು ಲಗೇಜ್ ಗಾಡಿ ಕೊಳ್ಳಹೊರಟರು. ಷೋರೂಮಿನಲ್ಲಿ ಗಾಡಿಯಿಲ್ಲ, ಮುಂಗಡದ ರಸೀದಿ ಮಾತ್ರ ಸಿದ್ಧ. ಬಡ್ಡಿ ಕಾಯುತ್ತದೆಯೇ? ಕಡೆಗೆ ಐದು ವರ್ಷದ ಹಳೆಯದೊಂದನ್ನು ಹೆಚ್ಚುಕಡಮೆ ಹೊಸದರ ಬೆಲೆಗೆ ಕೊಂಡರು. ದಲ್ಲಾಳಿ ಟವಲಿನಡಿ ಬೆರಳು ಹಿಡಿಯಲಿಲ್ಲ. ಮೊಬೈಲಿನಲ್ಲಿ ಅಂಕಿ ಒತ್ತಿ ತೋರಿಸಿದ. ಮೀಟರು ಹೇಳಿದ ಕಿಲೋಮೀಟರನ್ನು ನಂಬಬೇಕಾಯಿತು. ಎಣಿಸೋಣವೆಂದರೆ ಅದಕ್ಕೆಲ್ಲಿಯ ಹಲ್ಲು!

ಗಾಡಿ ಇಂದಿಗೂ ಓಡುತ್ತಿದೆ. ಆದರೆ ಅದನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಲು ಚಿಕ್ಕಮ್ಮ ಇನ್ನೂ ಒಪ್ಪಿಲ್ಲ.