ಪುಣೆಯಿಂದ ಶಿರಸಿಗೆ, ದೊಡ್ಡ ಕಾರಿನಲ್ಲಿ

ನಮ್ಮ ಅತ್ತೆಯವರಿಗೆ ಈಗ ಎಂಬತ್ತಾರು. ಎರಡು ವರ್ಷದಿಂದ ಅವರ ಬಾಯಲ್ಲಿ ಒಂದೇ ಮಾತು, "ಒಂದ್ಸಲ ಊರಿಗೆ ಹೋಗಿ ಬರೋಣ." ಊರೆಂದರೆ ಶಿರಸಿ ಹತ್ತಿರದ ಅಡಿಕೆ ತೋಟದ ಹಳ್ಳಿ, ಪುಣೆಯಿಂದ ಐನೂರು ಕಿಲೋಮೀಟರಿಗೂ ಮೇಲೆ. ಸೊಂಟನೋವಿನ ಅವರು ನಮ್ಮ ಪುಟ್ಟ ಕಾರಿನಲ್ಲಿ ಸಾತಾರಾ ಮುಟ್ಟುವಷ್ಟರಲ್ಲೇ ಸುಸ್ತಾಗುತ್ತಾರೆ. ಬಸ್ಸಂತೂ ದೂರದ ಮಾತು. ಅವರು ಊರಿನ ಸುದ್ದಿ ತೆಗೆದಾಗಲೆಲ್ಲ ನಾವು ಮಾತು ಬದಲಿಸುತ್ತಿದ್ದೆವು.

ಅದೇ ಹೊತ್ತಿಗೆ ಮಗನಿಗೆ ದೊಡ್ಡ ಕಾರಿನ ಹುಚ್ಚು ಹಿಡಿಯಿತು. ಅವನ ಸ್ನೇಹಿತನೊಬ್ಬ ತನ್ನ ಮರ್ಸಿಡಿಸ್ ಜಿ.ಎಲ್.ಎಸ್. ಮಾರುವವನಿದ್ದ. ಈ ಕಾರನ್ನು ಜೋಡಿಸುವುದು ನಮ್ಮ ಪಕ್ಕದ ಚಾಕಣದಲ್ಲೇ. ಏಳು ಜನರ ಆಸನ, ಹದಿನೇಳು ಅಡಿ ಉದ್ದ, ಸುಮಾರು ಎರಡೂವರೆ ಟನ್ ತೂಕ. 2024ರಲ್ಲಿ ಹೊಸದಕ್ಕೆ ಒಂದು ಕೋಟಿ ಮೂವತ್ತು ಲಕ್ಷದ ಮೇಲೆ. ಹಳೆಯದು ಎಷ್ಟಕ್ಕೆ ಎಂದರೆ ಮಗ ಬಾಯಿ ಬಿಡಲಿಲ್ಲ. ಸಾಲದ ಕಂತಿನ ಲೆಕ್ಕ ಮಾತ್ರ ಹೇಳಿ, "ಅಜ್ಜಿಗೋಸ್ಕರ ಅಮ್ಮಾ" ಎಂದ. ಅಜ್ಜಿಯ ಹೆಸರಿನಲ್ಲಿ ತನ್ನ ಆಸೆ, ನನಗೇನು ಗೊತ್ತಾಗದೆ? ಸ್ನೇಹಿತ ಮಾತ್ರ ಧಾರಾಳಿ. "ನಾಲ್ಕು ದಿನ ಓಡಿಸಿ ನೋಡು" ಎಂದು ಕೀಲಿಯನ್ನೇ ಕೊಟ್ಟ. ಡಿಸೆಂಬರಿನ ಒಂದು ಬೆಳಗಿನ ಜಾವ ಐದಕ್ಕೆ ಹೊರಟೆವು.

ಹತ್ತುವುದೇ ಮೊದಲ ಪರೀಕ್ಷೆಯಾಯಿತು. ಕಾರಿನ ನೆಲ ಅತ್ತೆಯವರ ಮೊಣಕಾಲಿಗಿಂತ ಮೇಲಿತ್ತು. ಕೊನೆಗೆ ಊಟದ ಮಣೆಗಳನ್ನು ಒಂದರ ಮೇಲೊಂದು ಇಟ್ಟು, ಆಚೆ ಈಚೆ ನಾವಿಬ್ಬರು ಹಿಡಿದು ಹತ್ತಿಸಿದೆವು. ಕೂತ ಮೇಲೆ ಸುತ್ತಲೂ ನೋಡಿ, "ತಮಾ, ಇದು ಕಾರೋ, ಜಗಲಿಯೋ?" ಎಂದರು.

ಜಗಲಿಯೇ ಸರಿ. ಈ ಕಾರಿನ ಚಕ್ರಗಳ ಮೇಲೆ ಉಕ್ಕಿನ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರಿನ ಚೀಲಗಳಿವೆ. ರಸ್ತೆಯ ಗುಂಡಿ ಚಕ್ರಕ್ಕೆ ತಿಳಿಯುತ್ತದೆ, ಕೂತವರಿಗೆ ಅಷ್ಟಾಗಿ ತಿಳಿಯುವುದಿಲ್ಲ. ಖಂಬಾಟಕಿ ಘಾಟ್ ಹತ್ತುವಾಗ ಅತ್ತೆ ನಿದ್ದೆ ಹೋಗಿದ್ದರು. ಸಾತಾರಾ, ಕರಾಡ, ಕೊಲ್ಹಾಪುರ ಒಂದೊಂದೇ ಹಿಂದೆ ಸರಿದರೂ "ಸೊಂಟ" ಎಂಬ ಶಬ್ದ ಅವರ ಬಾಯಿಂದ ಬರಲಿಲ್ಲ. ನಾನು ಆಡಿಕೊಳ್ಳಲು ಕಾಯುತ್ತಿದ್ದವಳು, ಸುಮ್ಮನಾಗಬೇಕಾಯಿತು.

ಇನ್ನೊಂದು ಗುಣವನ್ನೂ ಹೇಳಬೇಕು. ಚಿಕ್ಕ ಕಾರಿನಲ್ಲಿ ನಮಗೆ ಕಾಣುತ್ತಿದ್ದುದು ಮುಂದಿನ ಲಾರಿಯ ಹಿಂಭಾಗ ಮಾತ್ರ. ಇಲ್ಲಿ ಎತ್ತರದಲ್ಲಿ ಕೂತು ಕಬ್ಬಿನ ಗದ್ದೆ, ಆಲೆಮನೆಯ ಹೊಗೆ, ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು ಎಲ್ಲ ಕಂಡವು. ಕೊಗನೊಳಿ ದಾಟಿ ಕನ್ನಡದ ಫಲಕಗಳು ಶುರುವಾದಾಗ, ಪುಣೆಯಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ಒಂದೊಂದನ್ನೇ ಅಕ್ಷರ ಕೂಡಿಸಿ ಓದತೊಡಗಿದಳು. ಅಜ್ಜಿ ತಿದ್ದುತ್ತಿದ್ದರು. ನಿಪ್ಪಾಣಿಯಿಂದ ಬೆಳಗಾವಿಯವರೆಗೆ ಕಾರಿನಲ್ಲಿ ಕನ್ನಡ ಶಾಲೆ ನಡೆಯಿತೆನ್ನಿ!

ಧಾರವಾಡದಲ್ಲಿ ಪೇಢಾ ಕೊಳ್ಳಲೆಂದು ಲೈನ್ ಬಜಾರಿಗೆ ಹೋದೆವು. ಹದಿನೇಳು ಅಡಿಯ ಕಾರಿಗೆ ಜಾಗ ಎಲ್ಲಿ? ಮಗ ಎರಡು ಸುತ್ತು ಹೊಡೆದ. ನಾನು ಇಳಿದು, ಕೊಂಡು, ರಸ್ತೆಯ ಬದಿಯಲ್ಲಿ ಕಾದು ನಿಂತೆ. ಡೀಸೆಲ್ ಕೂಡ ಲೀಟರಿಗೆ ಹತ್ತರ ಆಸುಪಾಸು ಅಷ್ಟೇ. ನಮ್ಮ ಪುಟ್ಟ ಕಾರು ಹದಿನೆಂಟು ಕೊಡುತ್ತದೆ.

ಕಲಘಟಗಿ ದಾಟಿದ ಮೇಲೆ ಶಾಲೆ ಬಿಟ್ಟಿತ್ತು. ಮಕ್ಕಳು ರಸ್ತೆ ಬದಿಯಲ್ಲಿ ಗುಂಪಾಗಿ ನಡೆದಿದ್ದರು. ಒಬ್ಬ ಪುಟ್ಟ ಹುಡುಗ ಕಾರಿನ ಮುಂದೆ ಓಡಿದಾಗ ಬಾನೆಟ್ಟಿನ ಆಚೆ ಅವನ ತಲೆಯೂ ನನಗೆ ಕಾಣಲಿಲ್ಲ. ಕ್ಯಾಮೆರಾ ಕಿರುಚಿತು, ಮಗ ಬ್ರೇಕ್ ಒತ್ತಿದ, ಏನೂ ಆಗಲಿಲ್ಲ. ಮೂತಿ ಎತ್ತರವಿರುವ ವಾಹನಗಳು ಪಾದಚಾರಿಗೆ ಬಡಿದರೆ ಸಾವಿನ ಸಂಭವ ಹೆಚ್ಚು ಎಂದು 2023ರಲ್ಲಿ ಅಮೆರಿಕದ ಒಂದು ಅಧ್ಯಯನ ಹೇಳಿತ್ತು. ಮಗಳು ಅದನ್ನು ಅಲ್ಲೇ ನೆನಪಿಸಿದಳು. ಒಳಗೆ ಕೂತವರಿಗೆ ಕೋಟೆ, ಹೊರಗೆ ನಡೆಯುವವರಿಗೆ? ಯಲ್ಲಾಪುರದವರೆಗೆ ಕಾರಿನಲ್ಲಿ ಮಾತಿರಲಿಲ್ಲ.

ಶಿರಸಿ ದಾಟಿ ನಮ್ಮ ಊರಿನ ತಿರುವಿಗೆ ಬಂದಾಗ ಕತ್ತಲಾಗಿತ್ತು. ಅಲ್ಲಿಂದ ಮನೆಗೆ ಅರ್ಧ ಕಿಲೋಮೀಟರಿಗೂ ಕಡಿಮೆ. ಎರಡೂ ಕಡೆ ಚಿರೆಕಲ್ಲಿನ ಪಾಗಾರ, ನಡುವೆ ಏಳು ಅಡಿ ದಾರಿ. ಕಾರಿನ ಅಗಲ ಆರೂವರೆ ಅಡಿ, ಕನ್ನಡಿ ಸೇರಿದರೆ ಏಳು. ಮಗ ಕನ್ನಡಿ ಮಡಚಿ ನಾಲ್ಕು ಮಾರು ಒಳಗೆ ನುಗ್ಗಿಸಿದ. ಕಾರು ನಾಲ್ಕೂ ಕಡೆಯಿಂದ ಪೀಂ ಪೀಂ ಎನ್ನತೊಡಗಿತು. ಮುಂದೆ ಹಳ್ಳದ ಮೇಲೆ ಹಳೆಯ ಮೋರಿ ಬೇರೆ. ದೀಪ ಹಿಡಿದು ಬಂದ ಭಾವನ ಮಗ, "ಅದರ ಮೇಲೆ ಅಡಿಕೆ ಲಾರಿಯನ್ನೂ ಬಿಡುವುದಿಲ್ಲ" ಎಂದ. ಹಿಂದಕ್ಕೆ ತೆಗೆಯಲು ಇಪ್ಪತ್ತು ನಿಮಿಷ ಹಿಡಿಯಿತು. ಬಾಗಿಲು ತೆರೆಯಲು ಜಾಗವಿಲ್ಲದೆ ಅಷ್ಟು ಹೊತ್ತೂ ಅತ್ತೆ ಒಳಗೇ ಕೂತಿದ್ದರು. ಅಷ್ಟು ದೂರ ಬಂದು, ಮನೆಯ ದೀಪ ಕಾಣುತ್ತಿರುವಾಗ.

ಕೊನೆಗೆ ಅವನು ತನ್ನ ಹಳೆಯ ಮಾರುತಿ ಓಮ್ನಿ ತಂದ. ಅದರ ತಯಾರಿಕೆ 2019ರಲ್ಲೇ ನಿಂತಿದೆ. ಐದಡಿಗೂ ಕಡಿಮೆ ಅಗಲ, ಪಕ್ಕಕ್ಕೆ ಸರಿಯುವ ಬಾಗಿಲು. ಅತ್ತೆ ಮಣೆಯ ಹಂಗಿಲ್ಲದೆ ಹತ್ತಿ ಕೂತರು. ಅಂಗಳದಲ್ಲಿ ಇಳಿದವರೇ ತುಳಸಿಕಟ್ಟೆ ಹಿಡಿದು ನಿಂತುಬಿಟ್ಟರು. ಅವರನ್ನು ಮಾತಾಡಿಸಲು ಯಾರಿಗೂ ಧೈರ್ಯ ಬರಲಿಲ್ಲ.

ಹಿಂತಿರುಗಿದ ಮೇಲೆ ಮನೆಯಲ್ಲಿ ಚರ್ಚೆಯೋ ಚರ್ಚೆ. ನಿಮ್ಮಲ್ಲೂ ಕೆಲವರು ಈಗ ಕೈತುಂಬ ಸಂಬಳ ತರುವವರಿದ್ದೀರಿ, ಇಂಥ ಕಾರಿನ ಮೇಲೆ ಕಣ್ಣಿಟ್ಟಿರಬಹುದು. ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ನನಗೆ ಯಂತ್ರದ ಜ್ಞಾನವಿಲ್ಲ, ಮನೆಲೆಕ್ಕ ಮಾತ್ರ ಬರುತ್ತದೆ. ಆ ಕಾರು ಇಲ್ಲದಿದ್ದರೆ ಅತ್ತೆ ಊರು ನೋಡುತ್ತಿರಲಿಲ್ಲ, ಅದು ಖಂಡಿತ. ಆದರೆ ಅವರು ಹೋಗುವುದು ವರ್ಷಕ್ಕೊಂದು ಸಲ. ಮಿಕ್ಕ ದಿನವೆಲ್ಲ ಆ ಎರಡೂವರೆ ಟನ್ನನ್ನು ಮಗ ಒಬ್ಬನೇ ಹಿಂಜವಡಿಯ ಕಚೇರಿಗೆ ಎಳೆದುಕೊಂಡು ಹೋಗಬೇಕು. ಕಂತು ತಿಂಗಳು ತಿಂಗಳೂ ಕಟ್ಟಬೇಕು.

ಮಗ ಒಂದು ವಾರ ಮುಖ ಊದಿಸಿಕೊಂಡಿದ್ದ. ಆಮೇಲೆ ಕೀಲಿ ಹಿಂತಿರುಗಿಸಿ ಬಂದ. ಮುಂದಿನ ಸಲ ಅಂಥದೇ ಕಾರನ್ನು ನಾಲ್ಕು ದಿನ ಬಾಡಿಗೆಗೆ ತರುವುದೆಂದು ಒಪ್ಪಂದವಾಗಿದೆ. ತಿರುವಿಗೆ ಓಮ್ನಿ ತಂದು ನಿಲ್ಲಿಸಲು ಭಾವನ ಮಗನಿಗೆ ಅತ್ತೆ ಈಗಲೇ ಫೋನ್ ಮಾಡಿ ಹೇಳಿಬಿಟ್ಟಿದ್ದಾರೆ.