ಸೆಶೆಲ್ಸ್ ಕಪ್ಪೆಗಳ ನೆಂಟಸ್ತಿಕೆ

ಕಪ್ಪೆಗೂ ಉಪ್ಪುನೀರಿಗೂ ಆಗಿಬರುವುದಿಲ್ಲ. ಅದರ ತೊಗಲು ಬಲು ತೆಳು. ಸಮುದ್ರಕ್ಕೆ ಬಿದ್ದರೆ ಮೈಯೊಳಗಿನ ನೀರೆಲ್ಲ ಹೊರಕ್ಕೆ ಸೋರಿಹೋಗುತ್ತದೆ. ದೂರದ ಸಾಗರದ್ವೀಪಗಳಲ್ಲಿ ಕಪ್ಪೆಗಳೇ ಕಾಣುವುದಿಲ್ಲವಲ್ಲ ಎಂದು ಡಾರ್ವಿನ್ 1859ರಲ್ಲಿ ವಿಶೇಷವಾಗಿ ಎತ್ತಿ ಆಡಿದ್ದರು. ಹಾಗಿರುವಾಗ ಹಿಂದೂ ಮಹಾಸಾಗರದ ನಟ್ಟನಡುವಿನ ಸೆಶೆಲ್ಸ್‌ನಲ್ಲಿ, ಮಹೆ ಮತ್ತು ಸಿಲುವೆಟ್ ಎಂಬ ದ್ವೀಪಗಳ ಮಂಜು ಕವಿದ ಕಾಡಿನಲ್ಲಿ, ತರಗೆಲೆಯ ಕೆಳಗೆ ಕೂತು ಕೂಗುವ ಕಪ್ಪೆಗಳು ಎಲ್ಲಿಂದ ಬಂದವು?

ಉತ್ತರ ಆ ದ್ವೀಪಗಳ ಕಲ್ಲಿನಲ್ಲೇ ಇದೆ. ಮಹೆ, ಸಿಲುವೆಟ್, ಪ್ರಾಲೆ ಇವು ಹವಳದ ದಿಬ್ಬಗಳಲ್ಲ. ಮಹೆಯ ಗ್ರಾನೈಟಿಗೆ ಸುಮಾರು 75 ಕೋಟಿ ವರ್ಷ ವಯಸ್ಸು. ಇದು ಗೊಂಡ್ವಾನ ಎಂಬ ಮಹಾಖಂಡದ ಚೂರು, ನಮ್ಮ ನೆಲಕ್ಕೇ ಅಂಟಿಕೊಂಡಿದ್ದದ್ದು. ದಖನ್ನಿನ ಲಾವಾ ಉಕ್ಕಿ ಹರಿದ ಕಾಲದ ಆಸುಪಾಸಿನಲ್ಲಿ, ಅಂದರೆ ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ, ಅದು ಭಾರತದಿಂದ ಬೇರೆಯಾಯಿತು. ಕೂಡುಕುಟುಂಬ ಪಾಲಾದ ಹಾಗೆ ಎನ್ನಿ: ಒಂದು ಪಾಲು ಉತ್ತರಕ್ಕೆ ಸಾಗಿ ಏಷ್ಯಾಕ್ಕೆ ತಾಗಿತು, ಇನ್ನೊಂದು ಪುಟ್ಟ ಪಾಲು ಕಡಲಲ್ಲೇ ಉಳಿಯಿತು. ಕಪ್ಪೆಗಳು ಕಡಲು ದಾಟಬೇಕಾಗಿಯೇ ಇರಲಿಲ್ಲ. ಇದ್ದಲ್ಲೇ ಇದ್ದವು, ನೆಲವೇ ಸರಿಯಿತು.

ಇದನ್ನೇ ಎಲ್ಲಕ್ಕೂ ಅನ್ವಯಿಸುವಂತಿಲ್ಲ, ನೋಡಿ. ಅದೇ ದ್ವೀಪಗಳಲ್ಲಿ ಒಂದು ಮರಗಪ್ಪೆಯಿದೆ. ಅದರ ಹತ್ತಿರದ ಬಳಗ ಮಡಗಾಸ್ಕರಿನದು. ಅದರ ಪೂರ್ವಿಕರು ತೇಲುವ ಮರಗಿಡಗಳ ರಾಶಿಯ ಮೇಲೆ ಕಡಲು ದಾಟಿ ಬಂದಿರಬೇಕು ಎಂದು ಬಲ್ಲವರ ಊಹೆ. ಉಪ್ಪುನೀರಿನ ನಿಯಮಕ್ಕೂ ಅಪವಾದ ಉಂಟು. ಆದ್ದರಿಂದಲೇ ಒಂದೊಂದು ಕಪ್ಪೆಯ ವಂಶವನ್ನೂ ಬೇರೆಬೇರೆಯಾಗಿ ವಿಚಾರಿಸಬೇಕು.

ಇಲ್ಲಿ ನಾನು ಹೇಳಹೊರಟಿರುವುದು ಸೂಗ್ಲಾಸಿಡೇ ಎಂಬ ಕುಟುಂಬದ ಮಾತು. ಇದರಲ್ಲಿ ಈಗ ಒಪ್ಪಿರುವುದು ನಾಲ್ಕೇ ಪ್ರಭೇದ, ನಾಲ್ಕೂ ಸೆಶೆಲ್ಸ್ ಬಿಟ್ಟು ಬೇರೆಲ್ಲೂ ಇಲ್ಲ. ನಾಲ್ಕಕ್ಕೆ ಹೆಸರಿಡಲು ಇಷ್ಟು ಹೆಣಗಬೇಕೇ ಅನ್ನಿಸುತ್ತದೆ. ಹೆಣಗಾಟವೇ ಈ ಕಥೆಯ ಸೊಗಸು. 1896ರಲ್ಲಿ ಜರ್ಮನಿಯ ಬೆಟ್‌ಗರ್ ಮೊದಲನೆಯದನ್ನು ವಿವರಿಸಿ, ಆಫ್ರಿಕದ ಒಂದು ಕುಲಕ್ಕೆ ಸೇರಿಸಿದರು. ಹತ್ತು ವರ್ಷ ಕಳೆದ ಮೇಲೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಬುಲೆಂಜೆ ಅದಕ್ಕಾಗಿ ಸೂಗ್ಲಾಸಸ್ ಎಂಬ ಹೊಸ ಕುಲವನ್ನೇ ಮಾಡಿದರು. 1909ರಲ್ಲಿ ಅವರ ಮೇಜಿಗೆ ನಾಲ್ಕೈದು ಸೆಂಟಿಮೀಟರಿನ ದೊಡ್ಡ ಕಪ್ಪೆ ಬಂತು; ಅದಕ್ಕೆ ನೆಸೊಮ್ಯಾಂಟಿಸ್ ಎಂದು ಬೇರೆ ಕುಲ. 1911ರಲ್ಲಿ ಬಂದದ್ದು ಬೆರಳ ಉಗುರಿನ ಮೇಲೆ ಕೂರುವಷ್ಟು ಚಿಕ್ಕದು, ಹನ್ನೊಂದು ಮಿಲಿಮೀಟರಿನ ಆಸುಪಾಸು. ಅದನ್ನು ನೆಲಗಪ್ಪೆಗಳ ಪಂಕ್ತಿಯಲ್ಲಿ ಕೂರಿಸಿ, ಜೀವವಿಜ್ಞಾನಿ ಗಾರ್ಡಿನರ್ ಹೆಸರು ಕೊಟ್ಟರು. ಆಮೇಲೆ ಅದೂ ಸೂಗ್ಲಾಸಸ್ ಕುಲಕ್ಕೆ ಬಂತು.

ಚಿಕ್ಕವೆಲ್ಲ ಒಂದು ಕಡೆ, ದೊಡ್ಡದು ಒಂದು ಕಡೆ. ಕಣ್ಣಿಗೆ ಒಪ್ಪುವ ವಿಂಗಡಣೆ, ಬಹಳ ಕಾಲ ನಿಂತಿತು. 2002ರಲ್ಲಿ ಸಿಲುವೆಟ್ ದ್ವೀಪದಲ್ಲಿ, ತಾಳೆಯ ಜಾತಿಯ ಗಿಡಗಳ ಎಲೆಗಂಕುಳಲ್ಲಿ ಕೂತು ಕೂಗುವ ನಾಲ್ಕನೆಯ ಪ್ರಭೇದ ಸಿಕ್ಕಿತು. 2007ರಲ್ಲಿ ಡಿಎನ್‌ಎ ತೆಗೆದು ನೋಡಿದರೆ ಲೆಕ್ಕವೇ ಬೇರೆ. ಬೆಟ್‌ಗರ್ ಕಂಡ ಕಪ್ಪೆಗೆ ಹತ್ತಿರದ್ದು ಆ ದೊಡ್ಡ ಕಪ್ಪೆಯೇ. ಪುಟ್ಟ ಗಾರ್ಡಿನರ್ ಕಪ್ಪೆ ಮತ್ತು ತಾಳೆಯ ಕಪ್ಪೆ ಬೇರೊಂದು ಕವಲು. ನೆಸೊಮ್ಯಾಂಟಿಸ್ ಹೆಸರು ಬಿದ್ದುಹೋಯಿತು, ಪುಟಾಣಿಗಳೆರಡಕ್ಕೆ ಸೆಶೆಲೊಫ್ರೈನ್ ಎಂಬ ಹೊಸ ಕುಲ ಹುಟ್ಟಿತು. ಇದನ್ನು ಹೆಸರು ಬದಲಿಸುವ ಚಪಲ ಎಂದು ಗೊಣಗುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ತಿಳಿದದ್ದು ತಿದ್ದಿತೆಂದರೆ ಹೆಸರೂ ತಿದ್ದಬೇಕು.

ಗಾತ್ರದಂತೆಯೇ ನಡವಳಿಕೆಯೂ ದಾರಿ ತಪ್ಪಿಸುತ್ತದೆ. ಗಾರ್ಡಿನರ್ ಕಪ್ಪೆಗೆ ಗೊದಮೊಟ್ಟೆಯ ಹಂತವೇ ಇಲ್ಲ, ಮೊಟ್ಟೆಯಿಂದ ನೇರವಾಗಿ ಮರಿಗಪ್ಪೆ ಹೊರಬರುತ್ತದೆ. ಆದರೆ ನಮ್ಮ ಮಲೆನಾಡಿನ ಪೊದೆಗಪ್ಪೆಗಳದೂ ಇದೇ ರೀತಿ. ಬೆಂಗಳೂರಿನ ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣ ರಾವ್ ಅವರ ನೆನಪಿಗೆ ರಾವೋರ್ಕೆಸ್ಟಿಸ್ ಎಂದು 2010ರಲ್ಲಿ ಹೆಸರಿಟ್ಟ ಕುಲ ಅದು. ಪೋರ್ಟೊರಿಕೊದ ಕೊಕಿ ಕಪ್ಪೆಯದೂ ಅದೇ ಕ್ರಮ. ಈ ಮೂರಕ್ಕೂ ಹತ್ತಿರದ ರಕ್ತಸಂಬಂಧವಿಲ್ಲ. ಇನ್ನು ಸೂಗ್ಲಾಸಸ್ ಕುಲದ ಮೊದಲ ಕಪ್ಪೆಯಲ್ಲಿ ಗೊದಮೊಟ್ಟೆಗಳುಂಟು. ತಾಯಿ ಅವನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತಾಳೆ. ಸ್ವಂತ ಬಳಗದಲ್ಲೇ ಎರಡು ರೀತಿ!

ಗಾರ್ಡಿನರ್ ಕಪ್ಪೆಯ ಕಿವಿಯ ವಿಚಾರ ಹೇಳದೆ ಮುಂದೆ ಹೋಗಲಾರೆ. ಅದಕ್ಕೆ ಕಿವಿತಮಟೆಯಿಲ್ಲ, ನಡುಗಿವಿಯೂ ಇಲ್ಲ. ಆದರೂ ಕಾಡಿನಲ್ಲಿ ಅದರದೇ ಕೂಗನ್ನು ಧ್ವನಿವರ್ಧಕದಲ್ಲಿ ಕೇಳಿಸಿದಾಗ ಗಂಡುಗಳು ಮರುಕೂಗು ಕೊಟ್ಟವು. ಬಾಯಿಯ ಪೊಳ್ಳು ಆ ದನಿಯನ್ನು ಹಿಗ್ಗಿಸಿ ಒಳಗಿವಿಗೆ ಮುಟ್ಟಿಸುತ್ತದೆ ಎಂದು ಎಕ್ಸ್‌ರೇ ಚಿತ್ರಗಳ ಆಧಾರದಿಂದ 2013ರಲ್ಲಿ ತೋರಿಸಿದರು. ಇಂಥ ಜೀವವನ್ನು ಕಂಡರೆ ಪ್ರೀತಿ ಬರದೆ ಇರುವುದು ಹೇಗೆ?

ಭಾರತದಲ್ಲಿ ಉಳಿದ ಪಾಲು ಏನಾಯಿತು? 2003ರಲ್ಲಿ ಬಿಜು ಮತ್ತು ಬೊಸ್ಸೈಟ್, ಕೇರಳದ ಇಡುಕ್ಕಿಯ ನೇರಳೆ ಬಣ್ಣದ, ಚೂಪು ಮೂತಿಯ ಕಪ್ಪೆಯೊಂದನ್ನು ಲೋಕಕ್ಕೆ ಪರಿಚಯಿಸಿದರು: ನಾಸಿಕಾಬಟ್ರಾಕಸ್ ಸಹ್ಯಾದ್ರೆನ್ಸಿಸ್. ವರ್ಷದ ಬಹುಭಾಗ ನೆಲದಡಿಯಲ್ಲಿ ಗೆದ್ದಲು ತಿಂದುಕೊಂಡಿದ್ದು, ಮುಂಗಾರು ಹತ್ತಿರವಾದಾಗ ಮೊಟ್ಟೆಯಿಡಲಷ್ಟೇ ಮೇಲೆ ಬರುವ ಪ್ರಾಣಿ. ಅಲ್ಲಿನ ಹಳ್ಳಗಳ ಬಳಿ ಬದುಕುವ ಜನಕ್ಕೆ ಅದು ಹಳೆಯ ಪರಿಚಯ. ಅದರ ಗೊದಮೊಟ್ಟೆಯ ವಿವರಣೆಯೂ 1918ರಷ್ಟು ಹಿಂದೆಯೇ ಅಚ್ಚಾಗಿತ್ತು. ಜೀನುಗಳನ್ನು ಹೋಲಿಸಿದಾಗ ಅದಕ್ಕೆ ಅತಿ ಹತ್ತಿರದ ನೆಂಟರು ಸೆಶೆಲ್ಸ್‌ನ ಈ ಪುಟ್ಟ ಕಪ್ಪೆಗಳು. 2017ರಲ್ಲಿ ತಮಿಳುನಾಡಿನ ಕಡೆಯಿಂದ ಇನ್ನೊಂದು ಪ್ರಭೇದವೂ ಸೇರಿತು.

ಇವೆರಡು ಕಡೆಯವರನ್ನು ಒಂದೇ ಕುಟುಂಬ ಎನ್ನಬೇಕೋ, ಎರಡು ಎನ್ನಬೇಕೋ? 2006ರಲ್ಲಿ ಒಂದು ದೊಡ್ಡ ಅಧ್ಯಯನ ಒಂದೇ ಮಾಡಿತು, ಆಮೇಲಿನವರು ಮತ್ತೆ ಬೇರೆ ಮಾಡಿದರು. ಗೆರೆ ಎಲ್ಲಿ ಎಳೆಯಬೇಕೆಂಬುದು ನಮ್ಮ ಅನುಕೂಲಕ್ಕೆ ಬಿಟ್ಟದ್ದು. ನೆಂಟಸ್ತಿಕೆ ಮಾತ್ರ ನಮ್ಮ ಅನುಕೂಲ ಕೇಳುವುದಿಲ್ಲ. ಅಷ್ಟು ಕಾಲ ಒಂಟಿಯಾಗಿ ಬೆಳೆದವಕ್ಕೆ ಬೇರೆ ಮನೆಯೇ ಸಲ್ಲುತ್ತದೆ ಎಂಬ ಪಕ್ಷ ನನ್ನದು.

ಕೆಲಸ ಇನ್ನೂ ಮುಗಿದಿಲ್ಲ. ಬೆಟ್‌ಗರ್ ಕಂಡ ಕಪ್ಪೆ ಪ್ರಾಲೆ ದ್ವೀಪದಲ್ಲೂ ಇರುವುದು ತಿಳಿದದ್ದು ತೀರ ಈಚೆಗೆ, ಈ ಶತಮಾನದಲ್ಲಿ. ಮಹೆ, ಸಿಲುವೆಟ್, ಪ್ರಾಲೆ ಮೂರರ ಕಪ್ಪೆಗಳೂ ಒಂದೇ ಹೆಸರಿನವಾದರೂ ಜೀನುಗಳಲ್ಲಿ ಬೇರೆಬೇರೆ ಕವಲುಗಳೆಂದು ಕಂಡುಬಂದಿದೆ. ನಾಲ್ಕೂ ಪ್ರಭೇದಗಳು ಅಳಿವಿನ ಅಂಚಿನ ಪಟ್ಟಿಯಲ್ಲಿವೆ. ಕಾಪಾಡುವವರು ಪ್ರಭೇದ ಎಣಿಸಿ ಸುಮ್ಮನಾದರೆ ಒಂದು ದ್ವೀಪದಲ್ಲಿ ಉಳಿಸಿದರೂ ಸಾಕೆನ್ನಿಸಬಹುದು. ಕವಲುಗಳನ್ನು ಎಣಿಸಿದರೆ ಮೂರು ದ್ವೀಪಗಳ ಕಾಡೂ ಬೇಕಾಗುತ್ತದೆ.